ಒಂದಡಿ ಗೊಂಬೆ ಇಲ್ಲದವನು ಕಲೆಕ್ಟರೇ ಅಲ್ಲವಂತೆ!

ಆ್ಯಕ್ಷನ್ ಫಿಗರ್ ಕೂಡಿಡುವ ಹುಡುಗರ ನಡುವೆ ಒಂದು ಮಾತು ಓಡಾಡುತ್ತಿದೆ. ಒಂದಡಿ ಎತ್ತರದ, ನಿಜವಾದ ಬಟ್ಟೆ ತೊಟ್ಟ, ಸಿನಿಮಾ ನಟನ ಮುಖವನ್ನೇ ತಂದಿಟ್ಟಂತಿರುವ ಗೊಂಬೆ ಇದ್ದವನು ಮಾತ್ರ ನಿಜವಾದ ಕಲೆಕ್ಟರ್ ಅಂತೆ. ಆರಂಗುಲದ ಗೊಂಬೆ ಇದ್ದವನು ಪರವಾಗಿಲ್ಲ. ನಾಲ್ಕಂಗುಲದ ಗೊಂಬೆ ಇಟ್ಟುಕೊಂಡವನು ಇನ್ನೂ ಮಗುವಂತೆ, ಆಡ್ಕೊಳ್ಳಲಿ ಬಿಡಿ ಅಂತೆ. (ಕಲೆಕ್ಟರ್ ಅಂದ ಕೂಡಲೇ ಡೀಸಿ ಸಾಹೇಬರು ನೆನಪಾಗಬಹುದು. ಇವರು ಬೇರೆ. ಇವರಿಗೆ ಸರ್ಕಾರಿ ಕಾರಿಲ್ಲ, ಗೊಂಬೆ ಕಾರಿದೆ ಅಷ್ಟೇ.)

ಇದು ಬರೀ ಬೊಗಳೆ. ಬೊಗಳೆಯಾಗಿಯೇ ಉಳಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಆದರೆ ಈ ಮಾತು ನಂಬಿ ಹಳ್ಳಿ, ಹೋಬಳಿಗಳ ಹುಡುಗರು ದುಡ್ಡು ಸುರಿಯುತ್ತಿದ್ದಾರೆ. ಸುದ್ದಿಗಿಷ್ಟು ಅಂತ ಎಣಿಸಿಕೊಂಡು ಬದುಕುವ ನನ್ನಂಥವನು ಮಾತ್ರವಲ್ಲ, ಗಾರೆ ಕೆಲಸದವನು, ಮೊಬೈಲ್ ಅಂಗಡಿಯ ಹುಡುಗ, ಡಿಪ್ಲೊಮಾ ಓದುವವನು ಎಲ್ಲರೂ ಈಗ ಗೊಂಬೆ ಕೂಡಿಡುತ್ತಾರೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ನಾಚಿಕೆಯ ಸಂಗತಿ ಅಂದರೆ, ಯೂಟ್ಯೂಬಿನಲ್ಲಿ ಯಾರದೋ ಫ್ಲಾಟಿನ ಗಾಜಿನ ಬೀರು ನೋಡಿ, ನಮ್ಮ ಮನೆಯ ಗೋಡೆಗೂಡಿಗೆ ಗೊಂಬೆ ಆರಿಸುವುದು.

ನನ್ನ ವಾದ ಸುತ್ತುಬಳಸಿಲ್ಲ. ಒಂದು ಗೂಡು, ಒಂದು ಹಲಗೆ, ತಿಂಗಳಿಗೊಂದಿಷ್ಟು ಕಾಸು, ಇಷ್ಟೇ ಇರುವವರಿಗೆ 1:18 ಅಳತೆಯೇ ಸರಿ. ಅಗ್ಗ ಅಂತಲ್ಲ, ಕೂಡಿಡುವ ಕೆಲಸಕ್ಕೆ ಅದೇ ಮೇಲು ಅಂತ.

ಮೊದಲು ಅಳತೆ ಅಂದರೇನು ನೋಡೋಣ, ಯಾಕೆಂದರೆ ಅರ್ಧ ಜಗಳ ಇಲ್ಲೇ ಹುಟ್ಟುವುದು. ಊರಿನ ನಕ್ಷೆಯಲ್ಲಿ ನಿಮ್ಮ ಹೊಲ ಅಂಗುಲದ ಲೆಕ್ಕಕ್ಕೆ ಇಳಿದಿರುತ್ತದಲ್ಲ, ಹಾಗೆಯೇ ಇದು. 1:12 ಅಂದರೆ ಒಂದಡಿ ಇದ್ದದ್ದು ಒಂದಂಗುಲ ಆಯಿತು ಅಂತ ಅರ್ಥ. ಆರಡಿಯ ಆಳು ಆರಂಗುಲ, ಐದಡಿಯ ಹೆಂಗಸು ಐದಂಗುಲ. 1:6 ಅಂದರೆ ಅದರ ಎರಡರಷ್ಟು, ಆರಡಿಯವನು ಒಂದಡಿ ನಿಲ್ಲುತ್ತಾನೆ. 1:18ರಲ್ಲಿ ಅವನು ನಾಲ್ಕಂಗುಲ. ಐದಡಿ ಏಳೂವರೆ ಅಂಗುಲದವನು ಸರಿಯಾಗಿ ಮೂರೂಮುಕ್ಕಾಲು ಅಂಗುಲ.

ಆದರೆ ಡಬ್ಬಿಯ ಮೇಲೆ ಬರೆಯುವುದು ಬರೀ ಅಂಗುಲ. ಅಂಗುಲ ಹೇಳುವುದು ಆ ಒಂದು ಗೊಂಬೆಯ ಎತ್ತರವನ್ನು, ಅಳತೆ ಹೇಳುವುದು ಅದರ ಪಕ್ಕದಲ್ಲಿ ಯಾರು ನಿಲ್ಲಬಹುದು ಅನ್ನುವುದನ್ನು. ಮಾರ್ವೆಲ್ ಲೆಜೆಂಡ್ಸ್ ಗೊಂಬೆಗಳು ಆರಂಗುಲದ ಸಾಲಿನವು, ಮೆಕ್‌ಫಾರ್ಲೇನ್ ಕಂಪನಿಯ ಬ್ಯಾಟ್‌ಮ್ಯಾನ್ ಏಳಂಗುಲದ ಸಾಲಿನವನು. ಎರಡನ್ನೂ ಒಂದೇ ಹಲಗೆಯ ಮೇಲೆ ಇಟ್ಟರೆ ಕ್ಯಾಪ್ಟನ್ ಅಮೆರಿಕ ಬ್ಯಾಟ್‌ಮ್ಯಾನನ ಹೈಸ್ಕೂಲ್ ಮಗನಂತೆ ಕಾಣುತ್ತಾನೆ. ಒಂದಂಗುಲ ತಾನೇ ಅನ್ನಬೇಡಿ. 1:12ರಲ್ಲಿ ಒಂದಂಗುಲ ಅಂದರೆ ಒಂದಡಿ!

ಈಗ ದೊಡ್ಡದೇ ಶ್ರೇಷ್ಠ ಅನ್ನುವವರಿಗೆ ಸ್ವಲ್ಪ ಚರಿತ್ರೆ. 1964ರಲ್ಲಿ ಅಮೆರಿಕದ ಹ್ಯಾಸ್‌ಬ್ರೊ ಕಂಪನಿ ಜಿ.ಐ. ಜೋ ಅನ್ನುವ ಸೈನಿಕನನ್ನು ಮಾರುಕಟ್ಟೆಗೆ ತಂದಿತು. ಎತ್ತರ ಹೆಚ್ಚುಕಮ್ಮಿ ಒಂದಡಿ. ಆ ಎತ್ತರವೇ ಯಾಕೆ? ಅದಕ್ಕೆ ಐದು ವರ್ಷ ಮುಂಚೆ ಬಂದಿದ್ದ ಬಾರ್ಬಿ ಹನ್ನೊಂದೂವರೆ ಅಂಗುಲ ಇದ್ದಳು, ಬಟ್ಟೆ ಬದಲಿಸಿ ಬದಲಿಸಿ ಆಡುವ ಆಟ ಆಗಲೇ ಗೆದ್ದಿತ್ತು. ಹುಡುಗರು ಗೊಂಬೆಯಾಟ ಆಡುವುದಿಲ್ಲ ಅನ್ನುವ ಭಯಕ್ಕೆ ಇದನ್ನು ಗೊಂಬೆ ಅನ್ನದೆ ಆ್ಯಕ್ಷನ್ ಫಿಗರ್ ಅಂದರು. ಇವತ್ತು ಯಾವ ಅಳತೆಯನ್ನು ಗಂಡಸರ ಅಳತೆ ಅಂತ ಮೀಸೆ ತಿರುವುತ್ತಾರೋ, ಅದು ಬಾರ್ಬಿಯ ಅಳತೆ. ಬಾರ್ಬಿಯ ಮೇಲೆ ನನಗೇನೂ ಕೋಪವಿಲ್ಲ. ಮೀಸೆಯ ಮೇಲಿದೆ.

1973ರಲ್ಲಿ ಅರಬ್ ದೇಶಗಳು ಎಣ್ಣೆ ಬಿಗಿ ಹಿಡಿದವು. ಪ್ಲಾಸ್ಟಿಕ್ ಆಗುವುದೇ ಎಣ್ಣೆಯಿಂದ, ಬೆಲೆ ಏರಿತು. ಮರುವರ್ಷವೇ ಜಪಾನಿನ ಟಕಾರಾ ಕಂಪನಿ ಮೈಕ್ರೋಮ್ಯಾನ್ ಅನ್ನುವ ಹತ್ತು ಸೆಂಟಿಮೀಟರಿನ ಗೊಂಬೆಗೆ ಇಳಿಯಿತು. ಅಮೆರಿಕದಲ್ಲಿ ಒಂದಡಿಯ ಜೋ 1976ರಲ್ಲಿ ನಿಂತೇ ಹೋದ. 1978ರಲ್ಲಿ ಕೆನ್ನರ್ ಕಂಪನಿ ಸ್ಟಾರ್ ವಾರ್ಸ್ ಗೊಂಬೆಗಳನ್ನು ಮೂರೂಮುಕ್ಕಾಲು ಅಂಗುಲಕ್ಕೆ ತಂದಿತು. ಇಲ್ಲಿ ಪ್ಲಾಸ್ಟಿಕ್ ಉಳಿಸುವುದಷ್ಟೇ ಲೆಕ್ಕವಲ್ಲ. ಆ ಸಿನಿಮಾದಲ್ಲಿ ಮನುಷ್ಯರಷ್ಟೇ ಮುಖ್ಯ ಅವರು ಓಡಾಡುವ ಹಡಗುಗಳು. ಮಿಲೇನಿಯಮ್ ಫಾಲ್ಕನ್ ಅನ್ನುವ ಹಡಗಿನ ಉದ್ದ ಸುಮಾರು 34 ಮೀಟರ್. ಒಂದಡಿಯ ಗೊಂಬೆಗೆ ತಕ್ಕ ಹಡಗು ಮಾಡಿದರೆ ಹೆಚ್ಚುಕಮ್ಮಿ ಹತ್ತೊಂಬತ್ತು ಅಡಿ ಆಗುತ್ತದೆ. ನಮ್ಮಲ್ಲಿ ಅಷ್ಟುದ್ದದ ಪಡಸಾಲೆ ಎಷ್ಟು ಮನೆಗಳಲ್ಲಿದೆ? 1:18ಕ್ಕೆ ಇಳಿಸಿದರೂ ಆರಡಿ ದಾಟುತ್ತದೆ, ಅದಕ್ಕೇ ಕೆನ್ನರ್‌ನವರು ಅದನ್ನು ಇನ್ನೂ ಕುಗ್ಗಿಸಿದರು. ಆದರೂ ಹುಡುಗರು ಗೊಂಬೆಯನ್ನು ಒಳಗೆ ಕೂರಿಸಿ ಹಾರಿಸಲು ಸಾಧ್ಯವಾಯಿತು. 1982ರಲ್ಲಿ ಜಿ.ಐ. ಜೋ ಕೂಡ ಇದೇ ಮೂರೂಮುಕ್ಕಾಲು ಅಂಗುಲದಲ್ಲಿ ಮರಳಿ ಬಂದ. ಜೀಪು, ಟ್ಯಾಂಕು, ಹೆಲಿಕಾಪ್ಟರ್ ಎಲ್ಲ ಬಂದವು. 1985ರಲ್ಲಿ ಏಳೂವರೆ ಅಡಿ ಉದ್ದದ ವಿಮಾನವಾಹಕ ನೌಕೆಯೂ ಬಂತು, ಹೆಸರು ಯುಎಸ್‌ಎಸ್ ಫ್ಲ್ಯಾಗ್. ನಿಜವಾದ ಅಂಥ ನೌಕೆ 333 ಮೀಟರ್ ಇರುತ್ತದೆ, ಸರಿಯಾಗಿ 1:18 ಮಾಡಿದ್ದರೆ ಅರವತ್ತಡಿ ಆಗುತ್ತಿತ್ತು. ಅಂದರೆ ಈ ಏಳೂವರೆ ಅಡಿಯೂ ಕುಗ್ಗಿಸಿದ್ದೇ!

ಚಿಕ್ಕ ಗೊಂಬೆ ಬಡವರ ಪಾಲಿಗೆ ಉಳಿದದ್ದಲ್ಲ. ಜೊತೆಗೊಂದು ಲೋಕ ಬೇಕು ಅಂದವರು ಆರಿಸಿಕೊಂಡ ಅಳತೆ ಅದು.

ಇದನ್ನೇ ನಮ್ಮ ಸಾಮಾನಿನಲ್ಲಿ ನೋಡಿ. ಹನ್ನೆರಡು ಅಡಿಯ ಟ್ರ್ಯಾಕ್ಟರ್ 1:18ರಲ್ಲಿ ಎಂಟಂಗುಲ, 1:12ರಲ್ಲಿ ಒಂದಡಿ, 1:6ರಲ್ಲಿ ಎರಡಡಿ. ಮೂವತ್ತಾರು ಅಡಿಯ ಕೆಂಪು ಬಸ್ಸು 1:18ರಲ್ಲಿ ಎರಡಡಿ, ಟಿವಿ ಮೇಲಿನ ಹಲಗೆಯಲ್ಲಿ ನಿಲ್ಲುತ್ತದೆ. 1:6ರಲ್ಲಿ ಅದೇ ಬಸ್ಸು ಆರಡಿ, ಅದರ ಮೇಲೆ ನೀವೇ ಮಲಗಬಹುದು. ಹತ್ತಡಿ ಉದ್ದ ಹತ್ತಡಿ ಅಗಲದ ಅಡುಗೆಮನೆಯನ್ನು ರಟ್ಟಿನಲ್ಲಿ ಮಾಡಲು ಹೊರಟರೆ 1:18ಕ್ಕೆ ಒಂದು ಕಡೆ ಏಳಂಗುಲವೂ ಬೇಡ, ಮದುವೆ ಸ್ವೀಟ್ ಡಬ್ಬಿಯೇ ಸಾಕು. 1:6ಕ್ಕೆ ಇಪ್ಪತ್ತಂಗುಲ ಬೇಕು.

ಜಾಗದ ಲೆಕ್ಕ ಇನ್ನೂ ಕ್ರೂರ. ಹನ್ನೆರಡು ಅಂಗುಲದ ಗೊಂಬೆ ಮೂರೂಮುಕ್ಕಾಲು ಅಂಗುಲದ್ದಕ್ಕಿಂತ ಮೂರು ಪಟ್ಟು ದೊಡ್ಡದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಎತ್ತರ ಮಾತ್ರ ಮೂರು ಪಟ್ಟು. ನಿಲ್ಲಲು ಬೇಕಾದ ಜಾಗ ಹತ್ತು ಪಟ್ಟು. ಗಾತ್ರ ಸುಮಾರು ಮೂವತ್ಮೂರು ಪಟ್ಟು. ಗೋಡೆಗೂಡಿನಲ್ಲಿ ಒಬ್ಬ ದೊಡ್ಡವನು ನಿಂತರೆ ಹತ್ತು ಜನ ಚಿಕ್ಕವರು ಹೊರಗೆ.

ಬೆಲೆ ಕೇಳುತ್ತೀರಾ? ಹಾಂಗ್‌ಕಾಂಗಿನ ಹಾಟ್ ಟಾಯ್ಸ್ ಕಂಪನಿಯ 1:6 ಗೊಂಬೆ ಅಲ್ಲಿಯೇ ಇನ್ನೂರೈವತ್ತು, ಮುನ್ನೂರು ಡಾಲರ್. ನಮ್ಮಲ್ಲಿ ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿದರು. ಇಲ್ಲಿನ ಅಂಗಡಿಗೆ ಬರುವ ಹೊತ್ತಿಗೆ ಅದರ ಬೆಲೆ ಒಂದು ಹಸುವಿನ ಕಡೆ ನಡೆಯುತ್ತಿರುತ್ತದೆ. ಹಸುವಾದರೆ ಹಾಲು ಕೊಡುತ್ತದೆ. ಈ ಗೊಂಬೆಗೆ ತೊಡಿಸಿದ ತೆಳು ರೆಕ್ಸಿನ್ ಕೋಟು ಕೆಲವು ವರ್ಷಕ್ಕೆ ಬಿರುಕು ಬಿಟ್ಟು ಉದುರುತ್ತದೆ. ಎಸಿ ಕೋಣೆಯಲ್ಲೇ ಉದುರಿದ ಉದಾಹರಣೆಗಳಿವೆ, ಮಲೆನಾಡಿನ ಆಷಾಢದಲ್ಲಿ ಏನಾದೀತು ನೀವೇ ಊಹಿಸಿ. ಹಳೆಯ ಮೂರೂಮುಕ್ಕಾಲು ಅಂಗುಲದ ಜೋ ಸೊಂಟ ಕಳಚಿಕೊಂಡರೆ ಒಳಗಿನ ಸಣ್ಣ ರಬ್ಬರ್ ರಿಂಗ್ ತುಂಡಾಗಿದೆ ಅಂತ ಅರ್ಥ. ಬೆನ್ನಿನ ಸ್ಕ್ರೂ ಬಿಚ್ಚಿ ಬೇರೆ ರಿಂಗ್ ಹಾಕಿದರೆ ಮತ್ತೆ ಎದ್ದು ನಿಲ್ಲುತ್ತಾನೆ.

ದೊಡ್ಡದರಲ್ಲಿ ಏನೂ ಇಲ್ಲ ಅಂತ ನಾನು ಹೇಳುವುದಿಲ್ಲ. ಮುಖದ ಸುಕ್ಕು, ಕಣ್ಣಿನ ಹೊಳಪು 1:6ರಲ್ಲಿ ಕಾಣುವಂತೆ ಬೇರೆಲ್ಲೂ ಕಾಣದು. ನಿಮಗೆ ಹೊಲಿಗೆ ಬಂದರೆ, ಒಂದಡಿಯ ಮೈಗೆ ಕಚ್ಚೆಪಂಚೆ, ರುಮಾಲು, ನಿಲುವಂಗಿ ಹೊಲಿಯುವ ಸುಖವೇ ಬೇರೆ. ನಾಲ್ಕಂಗುಲದ ಮೈ ಮೇಲೆ ನಿಜವಾದ ಬಟ್ಟೆ ಗೋಣಿಚೀಲದಂತೆ ಸೆಟೆದು ನಿಲ್ಲುತ್ತದೆ. ಒಂದೇ ಒಂದು ಗೊಂಬೆ, ಅದೂ ಪ್ರಾಣಕ್ಕಿಂತ ಹೆಚ್ಚಿನ ಒಬ್ಬ ನಟನದ್ದು ಸಾಕು ಅನ್ನುವವರು 1:6 ತೆಗೆದುಕೊಳ್ಳಲಿ. ಫೋಟೋ ಹುಚ್ಚಿದ್ದರೆ 1:12 ಸುಲಭ, ಕೈಕಾಲು ಹೇಳಿದಂತೆ ಮಡಚುತ್ತವೆ. ಮಣ್ಣಿನಲ್ಲಿ ಗೊಂಬೆ ಇಟ್ಟು ಫೋಟೋ ತೆಗೆಯುವಾಗ 1:18ರ ಕಷ್ಟವೂ ಇದೆ. ಒಂದು ಮಿಲಿಮೀಟರ್ ಮರಳಿನ ಕಾಳು ಅವನ ಪಾಲಿಗೆ ಜಲ್ಲಿಕಲ್ಲು. ಆದರೆ ಮೂರಡಿ ರಾಗಿ ಪೈರಿನ ಬುಡದಲ್ಲಿ ಅವನನ್ನು ನಿಲ್ಲಿಸಿ ನೋಡಿ. ಐವತ್ತನಾಲ್ಕು ಅಡಿಯ ಕಾಡು ತಲೆಯ ಮೇಲೆ!

ನನಗೆ ಸಿಟ್ಟಿರುವುದು ಅಳತೆಯನ್ನು ಅಂತಸ್ತು ಮಾಡಿದವರ ಮೇಲೆ. ನಮ್ಮ ತೊಗಲುಗೊಂಬೆ ಆಟದಲ್ಲಿ ರಾಜರು, ದೇವರು ದೊಡ್ಡ ಗೊಂಬೆ, ಸಾಮಾನ್ಯ ಜನ ಚಿಕ್ಕ ಗೊಂಬೆ. ಪರದೆಯ ಹಿಂದಿನ ದೀಪದಲ್ಲಿ ಯಾರು ಮುಖ್ಯ ಅಂತ ಕೂಡಲೇ ತಿಳಿಯಬೇಕು, ಆ ಕಲೆಗೆ ಅದು ಸರಿ. ಅಳತೆಯ ಗೊಂಬೆಯ ನಿಯಮ ಇದಕ್ಕೆ ಉಲ್ಟಾ. ಇಲ್ಲಿ ರಾಜನನ್ನೂ ಹದಿನೆಂಟರಿಂದ ಭಾಗಿಸಬೇಕು, ಅವನ ಕುದುರೆ ಮೇಯಿಸುವವನನ್ನೂ ಹದಿನೆಂಟರಿಂದಲೇ ಭಾಗಿಸಬೇಕು. ಇಷ್ಟು ಚೆಂದದ ನಿಯಮ ಇರುವ ಹವ್ಯಾಸಕ್ಕೆ ಮೇಲು ಕೀಳು ತಂದು ತುರುಕಿದವರು ಗೊಂಬೆಗಳಲ್ಲ, ಕೊಂಡವರು.

ಇನ್ನೊಂದು ಮಾತು. ಫನ್‌ಸ್ಕೂಲ್ ಹೆಸರು ಕೇಳಿರಬಹುದು. ಟೈರ್ ಮಾಡುವ ಎಂಆರ್‌ಎಫ್ ಕಂಪನಿಯದ್ದು, ಶುರುವಾದದ್ದು 1987ರಲ್ಲಿ. ಹ್ಯಾಸ್‌ಬ್ರೊ ಅಚ್ಚುಗಳಿಂದ ನಮ್ಮ ದೇಶದಲ್ಲೇ ಜಿ.ಐ. ಜೋ ಗೊಂಬೆ ಮಾಡಿ ಮಾರಿದವರು ಅವರು, ಎಷ್ಟೋ ಗೊಂಬೆಗಳಿಗೆ ಬಣ್ಣ ಮಾತ್ರ ಬೇರೆ ಹಚ್ಚಿದರು. ಅವತ್ತು ಮಕ್ಕಳು ಮಣ್ಣಲ್ಲಿ ಆಡಿ ಬಿಸಾಡಿದ ಆ ಗೊಂಬೆಗಳನ್ನು ಈಗ ಹೊರದೇಶದ ಕಲೆಕ್ಟರುಗಳು ಹುಡುಕಿ ಕೊಳ್ಳುತ್ತಾರೆ. ಎಲ್ಲವೂ ಮೂರೂಮುಕ್ಕಾಲು ಅಂಗುಲದವು. ಮಕ್ಕಳಾಟ ಅನ್ನುವವರು ಇದಕ್ಕೆ ಏನನ್ನುತ್ತಾರೆ? ನೆಂಟರ ಮನೆಯ ಅಟ್ಟದಲ್ಲಿ ಹಳೆಯ ಟ್ರಂಕು ಇದ್ದರೆ ಒಮ್ಮೆ ನೋಡಿ ಬನ್ನಿ.

ಈಗಿನ ಅಂಗಡಿಗಳಲ್ಲಿ 1:12ರದ್ದೇ ರಾಜ್ಯ ಅನ್ನುವುದು ನಿಜ. ಹ್ಯಾಸ್‌ಬ್ರೊ 2013ರಲ್ಲಿ ಸ್ಟಾರ್ ವಾರ್ಸನ್ನು, 2020ರಲ್ಲಿ ಜೋನನ್ನು ಆರಂಗುಲಕ್ಕೆ ಏರಿಸಿತು. ಹಾಗಂತ 1:18 ಸತ್ತಿಲ್ಲ. ಸ್ಟಾರ್ ವಾರ್ಸಿನ ವಿಂಟೇಜ್ ಸಾಲು ಮೂರೂಮುಕ್ಕಾಲರಲ್ಲೇ ಬರುತ್ತಿದೆ, ಚೀನಾದ ಜಾಯ್‌ಟಾಯ್ ಈ ಚಿಕ್ಕ ಅಳತೆಯಲ್ಲೇ ಬೆರಗಾಗುವಂಥ ಕೆಲಸ ಮಾಡುತ್ತಿದೆ. 2018ರಲ್ಲಿ ಹ್ಯಾಸ್‌ಬ್ರೊ, 5000 ಜನ ಮುಂಗಡ ಒಪ್ಪಿದರೆ ಮೂರೂಮುಕ್ಕಾಲು ಅಂಗುಲದ ಗೊಂಬೆಗಳಿಗಾಗಿ ಸುಮಾರು ನಾಲ್ಕಡಿಯ ಹಡಗು ಮಾಡುತ್ತೇವೆ, ಬೆಲೆ 500 ಡಾಲರ್ ಅಂದಿತು. 8000ಕ್ಕೂ ಹೆಚ್ಚು ಜನ ಒಪ್ಪಿದರು. ಸತ್ತ ಅಳತೆಗೆ ಯಾರೂ ಅಷ್ಟು ದುಡ್ಡು ಹಾಕುವುದಿಲ್ಲ.

ನಮ್ಮ ರಾಜ್ಯದವರಿಗೂ ಒಂದು ಪ್ರಶ್ನೆ. ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರ್‌ಗೆ 2021ರಲ್ಲಿ ಅಡಿಗಲ್ಲು ಬಿತ್ತು. ಅದೇ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ತಲೆಮಾರುಗಳಿಂದ ಮರದ ಗೊಂಬೆ ಮಾಡುತ್ತಿದ್ದಾರೆ. ಮಾಡುವ ಕೈ, ಯಂತ್ರ ಎರಡೂ ಒಂದೇ ಜಿಲ್ಲೆಯಲ್ಲಿವೆ. ಒಂದು ಜೋಡೆತ್ತು, ಒಬ್ಬ ಲೈನ್‌ಮ್ಯಾನ್, ಒಬ್ಬ ಆಶಾ ಕಾರ್ಯಕರ್ತೆ, ಒಂದು ಕೆಂಪು ಬಸ್ಸು, ಎಲ್ಲವೂ 1:18ರಲ್ಲಿ ಬಂದರೆ ಕೊಳ್ಳುವವರು ಇಲ್ಲವೇ? ನಾನಂತೂ ಮೊದಲು ಲೈನ್‌ಮ್ಯಾನ್ ಕೊಳ್ಳುತ್ತೇನೆ. ಕಂಬಕ್ಕೆ ಅಗರಬತ್ತಿ ಕಡ್ಡಿ ಆಗುತ್ತದೆ.

ಅದು ಬರುವವರೆಗೆ ಕೊಳ್ಳುವಾಗ ಎಚ್ಚರ ಇರಲಿ. ಜಾತ್ರೆಯಲ್ಲಿ, ಫೋನಿನ ಅಂಗಡಿಗಳಲ್ಲಿ ಬಿಗ್ ಸೈಜ್, ಸೂಪರ್ ಸೈಜ್ ಅಂತ ಬರೆಯುತ್ತಾರೆಯೇ ಹೊರತು ಅಳತೆ ಬರೆಯುವುದಿಲ್ಲ. ಹತ್ತಿರದಿಂದ ತೆಗೆದ ಫೋಟೋದಲ್ಲಿ ನಾಲ್ಕಂಗುಲವೂ ಒಂದಡಿಯಂತೆ ಕಾಣುತ್ತದೆ. ನಕಲಿ ಹಿಡಿಯಲಿಕ್ಕೂ ಅಳತೆಯೇ ಆಧಾರ. ಅಸಲಿ ಗೊಂಬೆಯಿಂದ ಅಚ್ಚು ತೆಗೆದು ಮಾಡಿದ ನಕಲು ಆರುವಾಗ ಕುಗ್ಗಿ, ಅಸಲಿಗಿಂತ ಕೂದಲೆಳೆ ಚಿಕ್ಕದಾಗಿ ಬರುತ್ತದೆ. ದುಡ್ಡು ಹಾಕುವ ಮೊದಲು ಮಾರುವವನಿಗೆ ಒಂದು ಮೆಸೇಜ್ ಮಾಡಿ: ಅಣ್ಣಾ, ಗೊಂಬೆ ಪಕ್ಕ ಸ್ಕೂಲ್ ಮಕ್ಕಳ ಸ್ಕೇಲ್ ಇಟ್ಟು ಒಂದು ಫೋಟೋ ಕಳಿಸು. ಕಳಿಸಿದರೆ ಮಾತು ಮುಂದುವರಿಸಿ, ನಾಳೆ ಕಳಿಸ್ತೀನಿ ಅಂದರೆ ಬೇರೆ ಅಂಗಡಿ ನೋಡಿ.