ಒರತೆಯ ದಂಡೆಯಲ್ಲೊಂದು ದಿನ

ಮಳೆಗಾಲ ಹಿಂದೆ ಸರಿದು ತೊಗರಿ ಹೂವಾಗುವ ಹೊತ್ತಿಗೆ ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ಅನೇಕ ಮನೆಗಳಲ್ಲಿ ಒಂದು ಮಾತು ಏಳುತ್ತದೆ. ಮಕ್ಕಳಿಗೆ ರಜೆ ಇದೆ, ಹಿರಿಯರಿಗೂ ಬೇಸರ ಕಳೆಯಬೇಕಿದೆ. ಒಂದು ದಿನ ನೀರಿನ ಬಳಿ ಹೋಗಿ ಬರೋಣವೆಂದರೆ ಎಲ್ಲಿಗೆ ಹೋಗುವುದು? ಉತ್ತರವೂ ಬಹುಮಟ್ಟಿಗೆ ಸಿದ್ಧವಾಗಿಯೇ ಇರುತ್ತದೆ. ಚುಳಕಿ ನಾಲಾ ಜಲಾಶಯ, ಕಾರಂಜಾ ಜಲಾಶಯ, ತುಸು ದೂರವಾದರೂ ಅಡ್ಡಿಯಿಲ್ಲವೆಂದರೆ ಚಿಂಚೋಳಿಯ ಕಾಡಿನ ಎತ್ತಿಪೋತ ಜಲಪಾತ. ಈ ಯಾವುದನ್ನೂ ನಾವು ಹಳಿಯುವುದಿಲ್ಲ. ಆದರೆ ಜಲಾಶಯದ ದಂಡೆ ಪುಟ್ಟ ಮಕ್ಕಳ ಜಾಗವಲ್ಲ. ಎರಡು ಹೆಜ್ಜೆ ಮುಂದಿಟ್ಟರೆ ಆಳ, ಕಾಲಡಿಯಲ್ಲಿ ಜಾರುವ ಕೆಸರು. ಅಲ್ಲಿ ತಾಯಂದಿರಿಗೆ ಇಡೀ ದಿನ ಮಕ್ಕಳನ್ನು ಕಾಯುವುದೇ ಕೆಲಸವಾಗುತ್ತದೆ. ನೆಮ್ಮದಿಯ ದಿನವನ್ನು ಬಯಸುವವರು ನೋಡಬೇಕಾದದ್ದು ನಮ್ಮದೇ ಗುಡ್ಡಗಳ ಬದಿಯಲ್ಲಿ ಸದ್ದಿಲ್ಲದೆ ಜಿನುಗಿ ಹರಿಯುವ ಚಿಕ್ಕ ಹಳ್ಳಗಳನ್ನು. ಅಲ್ಲಿಗೆ ಹೇಗೆ ಹೋಗಬೇಕು, ಹೋದಾಗ ಹೇಗಿರಬೇಕು ಎಂಬುದು ಈ ಸಂಚಿಕೆಯ ಮಾತು.

ನಮ್ಮ ಗುಡ್ಡ ಸಹ್ಯಾದ್ರಿಯ ಗುಡ್ಡವಲ್ಲ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ ಮೇಲೆಲ್ಲ ಸಮತಟ್ಟಾಗಿ ಹರಡಿ, ಅಂಚಿನಲ್ಲಿ ಥಟ್ಟನೆ ಇಳಿಯುವ ಗುಡ್ಡವಿದು. ಮೇಲ್ಪದರದಲ್ಲಿ ಜಂಬಿಟ್ಟಿಗೆಯ ಕೆಂಪುಕಲ್ಲು. ಕೆಲವೆಡೆ ಅದರ ದಪ್ಪ ಹತ್ತಾರು ಮೀಟರ್. ಅದರ ಕೆಳಗೆ ಜೇಡಿಯಂತಹ ಬಿಗಿಮಣ್ಣು, ಇನ್ನೂ ಕೆಳಗೆ ಲಕ್ಷಾಂತರ ಚದರ ಕಿಲೋಮೀಟರ್ ಹಬ್ಬಿರುವ ದಖ್ಖನ್ನಿನ ಕರಿಕಲ್ಲು. ಕೆಂಪುಕಲ್ಲನ್ನು ಒಡೆದು ನೋಡಿದವರಿಗೆ ಗೊತ್ತು, ಅದರ ತುಂಬ ಜೇನುಹುಟ್ಟಿನಂತೆ ತೂತು. ಬಿದ್ದ ಮಳೆ ಆ ತೂತುಗಳಲ್ಲಿ ಇಳಿಯುತ್ತದೆ. ಬಿಗಿಮಣ್ಣು ಸಿಕ್ಕಿದಲ್ಲಿ ಕೆಳಗಿಳಿಯಲಾರದೆ ಅಡ್ಡಲಾಗಿ ಸಾಗಿ, ಗುಡ್ಡದ ಅಂಚಿನಲ್ಲಿ ಹೊರಬರುತ್ತದೆ. ಅದೇ ಒರತೆ, ಅದೇ ಝರಿ. ಬೀದರಿನ ಝರಣಿ ನರಸಿಂಹನ ಗುಹೆಯಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆಯುವುದು, ನಾನಕ್ ಝೀರಾದಲ್ಲಿ ಯಾತ್ರಿಕರು ಬೊಗಸೆ ಒಡ್ಡುವುದು, ಪಾಪನಾಶದ ಕೊಳ ತುಂಬುವುದು, ಎಲ್ಲವೂ ಈ ಕೆಂಪುಕಲ್ಲಿನ ಕೃಪೆಯೇ. ಬಹಮನಿಗಳ ಕಾಲದಲ್ಲಿ ನೌಬಾದಿನಲ್ಲಿ ನೆಲದೊಳಗೆ ಸುರಂಗ ತೋಡಿ, ಅಲ್ಲಲ್ಲಿ ಬಾವಿಯಂತೆ ಕಿಂಡಿ ತೆರೆದು ನೀರು ಹರಿಸಿದ ಕಾರೇಜ್ ವ್ಯವಸ್ಥೆಯೂ ಈ ಕಲ್ಲಿನ ಗುಣವನ್ನು ಬಲ್ಲವರ ಕೆಲಸ. ದೇವರುಗಳು ಬೇರೆ, ಅರಸರು ಬೇರೆ. ಕಲ್ಲು ಮಾತ್ರ ಒಂದೇ.

ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಈ ಎರಡು ತಾಲ್ಲೂಕುಗಳ ನೆಲ ಎರಡು ಮಹಾನದಿಗಳ ನಡುವಿನ ದಿಬ್ಬ. ಬಸವಕಲ್ಯಾಣ ತಾಲ್ಲೂಕಿನಲ್ಲೇ ಹುಟ್ಟುವ ಮುಲ್ಲಾಮಾರಿ ದಕ್ಷಿಣಕ್ಕೆ ಸಾಗಿ ಕಾಗಿಣಾ, ಭೀಮಾಗಳ ಮೂಲಕ ಕೃಷ್ಣೆಯನ್ನು ಸೇರಿದರೆ, ಚುಳಕಿ ನಾಲಾ, ಕಾರಂಜಾಗಳ ನೀರು ಮಾಂಜ್ರಾದ ಮೂಲಕ ಗೋದಾವರಿಯತ್ತ ನಡೆಯುತ್ತದೆ. ದಿಬ್ಬದ ಈ ಬದಿಯಲ್ಲಿ ಬಿದ್ದ ಹನಿಗೂ ಆ ಬದಿಯಲ್ಲಿ ಬಿದ್ದ ಹನಿಗೂ ಬಂಗಾಳ ಕೊಲ್ಲಿಯವರೆಗೆ ಭೇಟಿಯಿಲ್ಲ. ಯಾವ ಹಳ್ಳದ ದಂಡೆಯಲ್ಲಿ ಕುಳಿತರೂ ಇದು ಯಾವ ನದಿಯ ಕೂಸು ಎಂದು ಮಕ್ಕಳಿಂದ ನಕಾಶೆಯಲ್ಲಿ ಹುಡುಕಿಸಿದರೆ ಒಂದು ಗಂಟೆ ಮೊಬೈಲಿನ ನೆನಪೇ ಬಾರದು.

ಹೊರಗೆ ಬುತ್ತಿ ಕಟ್ಟಿಕೊಂಡು ಹೋಗಿ ಉಣ್ಣುವುದನ್ನು ನಮಗೆ ಪಟ್ಟಣದವರು ಕಲಿಸಬೇಕಾಗಿಲ್ಲ. ಎಳ್ಳ ಅಮಾವಾಸ್ಯೆಯಂದು ಈ ಭಾಗದ ಊರಿಗೆ ಊರೇ ಬಾಗಿಲಿಗೆ ಬೀಗ ಹಾಕಿ ಹೊಲಕ್ಕೆ ಹೊರಡುತ್ತದೆ. ಹತ್ತಾರು ಬಗೆಯ ಕಾಳು, ಸೊಪ್ಪು, ತರಕಾರಿ ಬೆರೆಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ, ಶೇಂಗಾ ಹೋಳಿಗೆ. ಮೊದಲು ಭೂಮಿತಾಯಿಗೆ ಚರಗ, ಆಮೇಲೆ ಮನೆಯವರಿಗೆ ಊಟ. ಹೊಲವಿಲ್ಲದವರನ್ನೂ ಕರೆದು ಉಣಿಸುವ ಹಬ್ಬವಿದು. ಆ ದಿನದ ನಡತೆಯನ್ನು ಸ್ವಲ್ಪ ವಿಚಾರಿಸಿ ನೋಡಿ. ಯಾರೂ ಧ್ವನಿವರ್ಧಕ ಒಯ್ಯುವುದಿಲ್ಲ, ಬೆಳೆ ತುಳಿಯುವುದಿಲ್ಲ, ತಿಂದೆದ್ದ ಜಾಗವನ್ನು ಹೊಲಸು ಮಾಡುವುದಿಲ್ಲ. ಏಕೆಂದರೆ ಅದು ನಮ್ಮ ಹೊಲ, ಅನ್ನ ಕೊಡುವ ನೆಲ. ಅದೇ ಜನ ಹಳ್ಳದ ದಂಡೆಗೆ ಬಂದಾಗ ಬೇರೆಯವರಾಗಿಬಿಡುವುದೇಕೆ ಎಂಬುದು ನಮ್ಮನ್ನು ಕಾಡುವ ಪ್ರಶ್ನೆ. ಹೊಲಕ್ಕೆ ಒಡೆಯನಿದ್ದಾನೆ, ಒರತೆಗೆ ಇಲ್ಲ ಎಂಬ ಭಾವನೆಯೇ ಕಾರಣವಿರಬಹುದು. ಒರತೆಗೂ ಒಡೆಯರಿದ್ದಾರೆ. ದಿನ ಬೆಳಗಾದರೆ ಅಲ್ಲಿಂದ ಕೊಡ ಹೊತ್ತು ಸಾಗುವ ತಾಂಡಾದ, ಕೇರಿಯ ಹೆಣ್ಣುಮಕ್ಕಳೇ ಅದರ ಒಡತಿಯರು.

ಆದುದರಿಂದ ಯೋಜನೆಯ ಮೊದಲ ಹೆಜ್ಜೆ ಅವರನ್ನು ಕೇಳುವುದು. ಹಿಂದಿನ ವಾರವೇ ಮನೆಯ ಒಬ್ಬಿಬ್ಬರು ಹೋಗಿ, ನೀರು ಎಲ್ಲಿ ಹುಟ್ಟುತ್ತದೆ, ಎಲ್ಲಿ ಕುಡಿಯಲು ತುಂಬುತ್ತಾರೆ, ಎಲ್ಲಿ ಬಟ್ಟೆ ಒಗೆಯುತ್ತಾರೆ, ದನಗಳು ಎಲ್ಲಿ ಇಳಿಯುತ್ತವೆ ಎಂದು ತಿಳಿದುಕೊಂಡು ಬರಬೇಕು. ಕುಟುಂಬ ಕೂರಬೇಕಾದದ್ದು ಈ ಎಲ್ಲಕ್ಕಿಂತ ಕೆಳಗೆ. ಒರತೆಯ ಬಾಯಿಯನ್ನು ಕಣ್ಣಿಂದ ನೋಡಬೇಕು, ಕಾಲಿಂದಲ್ಲ. ಅಲ್ಲಿನ ಕಲ್ಲು ಸರಿಸುವುದು, ಕುಂಡ ಕಟ್ಟಲು ಹೋಗುವುದು, ಕಡ್ಡಿ ಹಾಕಿ ಕೆದಕುವುದು ಬೇಡ. ಜಿನುಗುವ ಸಂದು ಒಮ್ಮೆ ಕೆಸರಿನಿಂದ ಮುಚ್ಚಿಕೊಂಡರೆ ನೀರು ಬೇರೆ ದಾರಿ ಹಿಡಿಯಬಹುದು.

ಕಾಲದ ವಿಷಯದಲ್ಲಿ ನಮ್ಮ ಅಭಿಪ್ರಾಯ ಸ್ಪಷ್ಟವಿದೆ: ದೀಪಾವಳಿಯಿಂದ ಸಂಕ್ರಾಂತಿಯವರೆಗೆ. ಜಿಲ್ಲೆಯ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಆ ತಿಂಗಳುಗಳಲ್ಲಿ ಹಳ್ಳಕ್ಕೆ ಮಕ್ಕಳನ್ನು ಇಳಿಸುವುದು ಸಲ್ಲದು. ಮೇಲಿನ ಬಯಲಿನಲ್ಲಿ ಬಿದ್ದ ಮಳೆ ಕೆಳಗಿನ ದಂಡೆಯಲ್ಲಿ ಬಿಸಿಲಿರುವಾಗಲೇ ನೆರೆಯಾಗಿ ಬಂದೀತು. ಯಾವ ತಿಂಗಳಾದರೂ ಸರಿ, ತಿಳಿಯಾಗಿದ್ದ ನೀರು ಹಠಾತ್ತನೆ ಕೆಂಪಾಗಿ, ಅದರಲ್ಲಿ ಎಲೆ ಕಡ್ಡಿ ತೇಲಿಬಂದರೆ ಬುತ್ತಿಗಂಟನ್ನೂ ಬಿಟ್ಟು ಎತ್ತರಕ್ಕೆ ಏರಬೇಕು. ಚಳಿಗಾಲದಲ್ಲಿ ಈ ಭಯ ಕಡಿಮೆ. ಬರಿಯ ಮಳೆನೀರಿನ ಹಳ್ಳಗಳು ಬತ್ತುವ ಆ ಹೊತ್ತಿಗೂ ಹರಿಯುತ್ತಿರುವುದು ಒರತೆಯ ಹಳ್ಳವೇ ಎಂದು ಗುರುತಿಸುವುದೂ ಸುಲಭ. ಇನ್ನೊಂದು ಗುರುತು ಮಕ್ಕಳಿಗೆ ಬಲು ಇಷ್ಟವಾಗುತ್ತದೆ: ನೆಲದಾಳದ ನೀರಿನ ಉಷ್ಣತೆ ವರ್ಷವಿಡೀ ಹೆಚ್ಚು ಬದಲಾಗದ ಕಾರಣ, ಮಾಗಿಯ ಬೆಳಗಿನಲ್ಲಿ ಕೈ ಅದ್ದಿದರೆ ಬೆಚ್ಚಗೆ, ಅದೇ ನೀರು ಮಧ್ಯಾಹ್ನದ ಬಿಸಿಲಲ್ಲಿ ತಣ್ಣಗೆ.

ಜನ ಎಷ್ಟಿರಬೇಕು? ಎರಡು ಮನೆಯವರು ಸಾಕು. ಪುಣೆ-ಹೈದರಾಬಾದ್ ಹೆದ್ದಾರಿ ಎರಡೂ ತಾಲ್ಲೂಕುಗಳನ್ನು ಹಾದುಹೋಗುತ್ತದೆ. 2017ರಲ್ಲಿ ಬೀದರ್-ಕಲಬುರಗಿ ರೈಲುಮಾರ್ಗ ಪೂರ್ಣಗೊಂಡ ಮೇಲೆ ಹುಮನಾಬಾದಿಗೆ ರೈಲೂ ಬಂದಿದೆ. ಬರುವುದು ಸುಲಭವಾದಷ್ಟೂ ಗುಂಪು ದೊಡ್ಡದಾಗುತ್ತದೆ. ಮಾರ್ಗಶಿರದ ದತ್ತ ಜಯಂತಿಯ ದಿನಗಳಲ್ಲಿ ಮಾಣಿಕನಗರಕ್ಕೆ ಸಾವಿರಾರು ಭಕ್ತರು ಬರುತ್ತಾರೆ. ಗುರುಗಂಗಾ, ವಿರಜಾ ಎಂಬ ಎರಡು ಪುಟ್ಟ ಹೊಳೆಗಳ ಸಂಗಮದಲ್ಲಿ ಮಾಣಿಕಪ್ರಭುಗಳು 19ನೆಯ ಶತಮಾನದಲ್ಲಿ ನೆಲೆಸಿದ ಕ್ಷೇತ್ರವದು. ಶಾಂತಿಯನ್ನು ಬಯಸುವವರು ಆ ದಿನಗಳನ್ನು ಬಿಟ್ಟು ಬೇರೆ ದಿನ ಆರಿಸಿಕೊಳ್ಳುವುದು ಲೇಸು. ಬೆಳಿಗ್ಗೆ ಬೇಗ ಹೊರಟು ಬಿಸಿಲೇರುವ ಮುನ್ನ ದಂಡೆ ಸೇರಿ, ಮಧ್ಯಾಹ್ನದ ಊಟದ ತರುವಾಯ ಅಲ್ಲಿಂದ ಎದ್ದು, ಹುಮನಾಬಾದ್ ಕಡೆಯವರು ಜಲಸಂಗ್ವಿಯ ಚಾಲುಕ್ಯ ದೇಗುಲವನ್ನೋ, ಕಲ್ಯಾಣದ ಕಡೆಯವರು ನಾರಾಯಣಪುರದ ಶಿವಾಲಯವನ್ನೋ ನೋಡಿಕೊಂಡು ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದು. ಜಲಸಂಗ್ವಿಯ ಗೋಡೆಯ ಮೇಲೆ ವಿಕ್ರಮಾದಿತ್ಯನನ್ನು ಹೊಗಳುವ ಶಾಸನ ಬರೆಯುತ್ತಿರುವ ಸುಂದರಿಯೊಬ್ಬಳಿದ್ದಾಳೆ. ಅಕ್ಷರ ಕಲಿಯುವ ಹುಡುಗಿಯರಿಗೆ ತಪ್ಪದೆ ತೋರಿಸಿ.

ಬುತ್ತಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ರೊಟ್ಟಿ ಬಟ್ಟೆಯಲ್ಲಿ, ಪಲ್ಯ ಡಬ್ಬಿಯಲ್ಲಿ, ಉಣ್ಣಲು ಮುತ್ತುಗದ ಎಲೆ. ರಾಜ್ಯದಲ್ಲಿ 2016ರಿಂದ, ದೇಶದಲ್ಲಿ 2022ರ ಜುಲೈಯಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ ಲೋಟಗಳಿಗೆ ನಿಷೇಧವಿದೆ. ಕಾನೂನು ಪುಸ್ತಕದಲ್ಲಿದೆ, ತಟ್ಟೆಗಳು ಹಳ್ಳದಲ್ಲಿವೆ. ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯಿರಿ. ತಿಳಿಯಾದ ನೀರೆಲ್ಲ ಶುದ್ಧವಲ್ಲ. ಮೇಲಿನ ಹೊಲಕ್ಕೆ ಹಾಕಿದ ಗೊಬ್ಬರ, ಶೌಚದ ಗುಂಡಿಯ ಒಸರು ಆ ತೂತುಗಲ್ಲಿನಲ್ಲಿ ಮಳೆಯಷ್ಟೇ ಸಲೀಸಾಗಿ ಇಳಿಯುತ್ತವೆ. ಹುಮನಾಬಾದಿನ ಕೈಗಾರಿಕಾ ಪ್ರದೇಶದ ಆಸುಪಾಸಿನ ಗ್ರಾಮಸ್ಥರು ಅಂತರ್ಜಲ ಕೆಟ್ಟಿದೆಯೆಂದು ವರ್ಷಗಳಿಂದ ದೂರುತ್ತಿರುವುದನ್ನು ಇಲ್ಲಿ ನೆನೆಯಬೇಕು. ಸೋಪು, ಶಾಂಪೂ, ಪಾತ್ರೆ ತೊಳೆಯುವ ಪುಡಿ ಹಳ್ಳಕ್ಕೆ ಬೇಡವೇ ಬೇಡ. ಒಲೆ ಹೂಡುವುದೂ ಬೇಡ. ಚಳಿಗಾಲದ ಒಣಹುಲ್ಲಿಗೆ ಒಂದು ಕಿಡಿ ಸಾಕು, ಹೊಗೆಗೆ ಮರದ ಹೆಜ್ಜೇನು ಎದ್ದರಂತೂ ಮುದುಕರು ಮಕ್ಕಳು ಓಡುವುದೆಲ್ಲಿಗೆ?

ಇನ್ನು ಮಕ್ಕಳ ಕೈಗೆ ಒಂದು ಕೆಲಸ. ಒಂದು ಕೊಡ, ಒಂದು ಗಡಿಯಾರ, ಒಂದು ನೋಟುಪುಸ್ತಕ. ಊರವರು ಕೊಡ ತುಂಬುವ ಜಾಗದಲ್ಲಿ, ಅವರ ಸರದಿ ಮುಗಿದ ಮೇಲೆ, ಅವರ ಒಪ್ಪಿಗೆ ಪಡೆದು, ನೀರು ಧಾರೆಯಾಗಿ ಬೀಳುವಲ್ಲಿ ಕೊಡವಿಟ್ಟು ತುಂಬಲು ಎಷ್ಟು ಹೊತ್ತು ಬೇಕೆಂದು ಮೂರು ಬಾರಿ ಅಳೆಯಲಿ. 15 ಲೀಟರಿನ ಕೊಡ ಅರ್ಧ ನಿಮಿಷದಲ್ಲಿ ತುಂಬಿತೆನ್ನಿ. ನಿಮಿಷಕ್ಕೆ 30 ಲೀಟರ್, ದಿನಕ್ಕೆ 43,200 ಲೀಟರ್. 2019ರಲ್ಲಿ ಆರಂಭವಾದ ಜಲಜೀವನ ಯೋಜನೆ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಲೆಕ್ಕ ಹಾಕುತ್ತದೆ. ಆ ಪ್ರಕಾರ ಬೆರಳಿನಷ್ಟು ದಪ್ಪದ ಧಾರೆಯೊಂದು 785 ಜನರ ಪಾಲಿನ ನೀರು. ನಾವು ಸಣ್ಣದೆಂದು ತಿಳಿದದ್ದು ಎಷ್ಟು ದೊಡ್ಡದೆಂದು ಮಕ್ಕಳು ತಾವೇ ಗುಣಿಸಿ ಕಂಡುಕೊಳ್ಳುತ್ತಾರೆ. ಮುಂದಿನ ವರ್ಷ ಅದೇ ತಿಥಿಗೆ ಹೋಗಿ ಮತ್ತೆ ಅಳೆದರೆ ಒರತೆ ಹೆಚ್ಚಿತೋ ತಗ್ಗಿತೋ ತಿಳಿಯುತ್ತದೆ.

ತಗ್ಗುವ ಭಯ ಕಲ್ಪನೆಯಲ್ಲ. ಹಿಮಾಲಯದಲ್ಲಿರುವ ಸುಮಾರು 30 ಲಕ್ಷ ಒರತೆಗಳಲ್ಲಿ ಅನೇಕವು ಬತ್ತುತ್ತಿವೆ ಎಂದು ನೀತಿ ಆಯೋಗ 2018ರ ವರದಿಯಲ್ಲಿ ಎಚ್ಚರಿಸಿತು. ನಮ್ಮಲ್ಲಿ ಕಾರಣಗಳು ಕಣ್ಣೆದುರಿಗೇ ಇವೆ. ಮೇಲಿನ ಕೆಂಪುಕಲ್ಲನ್ನು ಇಟ್ಟಿಗೆಯಂತೆ ಕೊಯ್ದು ಮಾರಿದರೆ ಮಳೆ ಹಿಡಿದಿಡುವ ಸ್ಪಂಜೇ ಹೋಯಿತು. ಬಿಗಿಮಣ್ಣನ್ನು ಭೇದಿಸಿ ಕೊಳವೆಬಾವಿ ಇಳಿಸಿದರೆ ಅಂಚಿಗೆ ಬರಬೇಕಾದ ನೀರು ಪಾತಾಳಕ್ಕೆ. ಮಾಂಜ್ರಾ ಕಣಿವೆಯ ನೆರೆಯೂರು ಲಾತೂರಿಗೆ 2016ರ ಏಪ್ರಿಲ್‌ನಲ್ಲಿ ಮಿರಜ್‌ನಿಂದ ರೈಲಿನಲ್ಲಿ ನೀರು ಬಂದುದನ್ನು ಈ ಗಡಿಯ ಜನ ಮರೆತಿರಲಾರರು. ಪರಿಹಾರವೂ ಅಸಾಧ್ಯವಲ್ಲ. ಸಿಕ್ಕಿಂನಲ್ಲಿ 2008ರಲ್ಲಿ ಆರಂಭವಾದ ಧಾರಾ ವಿಕಾಸ ಕಾರ್ಯಕ್ರಮದಡಿ ಗುಡ್ಡದ ಮೇಲೆ ಇಂಗುಗುಂಡಿ ತೋಡಿ ಸೊರಗಿದ ಒರತೆಗಳಿಗೆ ಮರುಜೀವ ಕೊಟ್ಟರು. ಅಲ್ಲಿ ಮೊದಲು ಮಾಡಿದ ಕೆಲಸವೂ ಯಾವ ಒರತೆಗೆ ಯಾವ ಇಳಿಜಾರಿನ ಮಳೆ ಎಂದು ಗುರುತಿಸುವುದೇ. ನಮ್ಮಲ್ಲಿ ಉದ್ಯೋಗ ಖಾತರಿಯ ಕೆಲಸದಲ್ಲಿ ಬಯಲಿನಲ್ಲಿ ತೋಡಿದ ಗುಂಡಿಗಳನ್ನು ಅದೇ ವಿವೇಕದಿಂದ, ಒರತೆಯ ನೆತ್ತಿಯ ಮೇಲೆ ತೋಡಿಸಬೇಕೆಂದು ಗ್ರಾಮಸಭೆಯಲ್ಲಿ ಕೇಳಬಹುದು. ಕೇಳುವಾಗ ಮಕ್ಕಳ ನೋಟುಪುಸ್ತಕ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ.

ಈ ಲೇಖನದಲ್ಲಿ ನಾವು ಯಾವ ಹಳ್ಳಿಯ ಒರತೆಯನ್ನೂ ಹೆಸರಿಸದೆ ಇರುವುದನ್ನು ಓದುಗರು ಗಮನಿಸಿರಬಹುದು. ಅದು ಉದ್ದೇಶಪೂರ್ವಕ. ಹೆಸರೂ ದಾರಿಯೂ ಅಚ್ಚಾದ ಮರುವಾರ ಅಲ್ಲಿ ಹತ್ತು ವಾಹನ ನಿಲ್ಲುವುದನ್ನು ನಾವು ಬಯಸುವುದಿಲ್ಲ. ನಿಮ್ಮ ಊರಿನ ಒರತೆ ನಿಮಗೆ ಗೊತ್ತು. ಗೊತ್ತಿಲ್ಲದಿದ್ದರೆ ಮನೆಯ ಅಜ್ಜಿಗೆ ಗೊತ್ತು. ಬರುವ ಎಳ್ಳ ಅಮಾವಾಸ್ಯೆಯ ಆಚೀಚೆ ಒಂದು ದಿನ ಅಜ್ಜಿಯನ್ನು ಮುಂದಿಟ್ಟುಕೊಂಡು ಹೋಗಿ ಬನ್ನಿ. ತಾಲ್ಲೂಕು, ಅಳೆದ ದಿನಾಂಕ, ಕೊಡದ ಅಳತೆ, ತುಂಬಲು ತೆಗೆದುಕೊಂಡ ಸಮಯ, ಅಳೆದ ಮಗುವಿನ ತರಗತಿ, ಇಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ಕಳುಹಿಸಿದರೆ ಬೇಸಿಗೆಯ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ. ದಾರಿಯನ್ನು ಮಾತ್ರ ಬರೆಯಬೇಡಿ.