ಮಿರಜಿನ ಶಸ್ತ್ರವೈದ್ಯ ಡಾ. ವಾನ್ಲೆಸ್

ಊರಿನ ಮದ್ದಿಗೆ ಮಣಿಯದ ರೋಗ ಬಂದಾಗ ರೋಗಿಯನ್ನು ಮಿರಜಿಗೆ ಒಯ್ಯುವ ಮಾತು ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಭಾಗದ ಮನೆತನಗಳಿಗೆ ಹೊಸದಲ್ಲ. ಕಾಗವಾಡದಿಂದ ಕೆಲವೇ ಹರದಾರಿ ದೂರದ ಆ ಪಟ್ಟಣಕ್ಕೆ ಇಂಥ ಹೆಸರು ತಂದುಕೊಟ್ಟ ಪುರುಷನ ಚರಿತ್ರೆಯನ್ನು ಮಾತ್ರ ನಮ್ಮಲ್ಲಿ ಅನೇಕರು ಮರೆತಿದ್ದಾರೆ. ಈ ತಿಂಗಳು ಆತನ ಬಾಳನ್ನು ಸದ್ಭಕ್ತರ ಮುಂದಿಡುವುದು ಉಚಿತವೆನಿಸಿದೆ.

ವಿಲಿಯಂ ಜೇಮ್ಸ್ ವಾನ್ಲೆಸ್ 1865ರಲ್ಲಿ ಕೆನಡಾ ದೇಶದ ಒಂಟಾರಿಯೋ ಪ್ರಾಂತದಲ್ಲಿ ಜನಿಸಿದರು. ನ್ಯೂಯಾರ್ಕಿನಲ್ಲಿ ವೈದ್ಯವಿದ್ಯೆಯನ್ನು ಮುಗಿಸಿ, 1889ರಲ್ಲಿ ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ನಿನ ವತಿಯಿಂದ ಪತ್ನಿಯೊಡನೆ ಸಾಂಗಲಿಗೆ ಬಂದರು. ಅಲ್ಲಿ ಚಿಕ್ಕ ಔಷಧಾಲಯವೊಂದರಿಂದ ಕಾರ್ಯಾರಂಭ ಮಾಡಿ, ಬಳಿಕ ಮಿರಜಿನಲ್ಲಿ ನೆಲೆಸಿದರು. 1894ರಲ್ಲಿ ಅಲ್ಲಿ ಅವರ ಆಸ್ಪತ್ರೆ ತೆರೆಯಿತು. ಅಂದಿನಿಂದ 1928ರಲ್ಲಿ ನಿವೃತ್ತರಾಗುವವರೆಗೆ ಅದೇ ಅವರ ಕರ್ಮಭೂಮಿ. ಅದೇ ಕಾಲದಲ್ಲಿ ಅಥಣಿಯ ಗಚ್ಚಿನಮಠದಲ್ಲಿ ಮುರುಘೇಂದ್ರ ಶಿವಯೋಗಿಗಳು (1836–1921) ಜನರ ಭವರೋಗಕ್ಕೆ ಮದ್ದನ್ನೀಯುತ್ತಿದ್ದರೆಂಬುದನ್ನು ನೆನೆದರೆ, ಆ ಯುಗದ ಭಾಗ್ಯ ಎಂಥದೆಂಬುದು ಮನಗಾಣುತ್ತದೆ.

ಆ ದಿನಗಳಲ್ಲಿ ಶಸ್ತ್ರಚಿಕಿತ್ಸೆಯೆಂದರೆ ಮೃತ್ಯುವಿಗೆ ಮತ್ತೊಂದು ಹೆಸರೆಂಬ ಭಯವಿತ್ತು. ಆ ಭಯ ನಿರಾಧಾರವೂ ಆಗಿರಲಿಲ್ಲ. 1847ರಲ್ಲಿ ಕ್ಲೋರೋಫಾರ್ಮ್ ಬಳಕೆಗೆ ಬಂದು ನೋವಿನ ಅರಿವು ತಪ್ಪಿತ್ತಾದರೂ, ಗಾಯ ಕೀವುಗಟ್ಟಿ ಸಾಯುವವರು ಬಹಳ. ಈ ವಿಷಕ್ಕೆ ಸೂಕ್ಷ್ಮಜೀವಿಗಳೇ ಕಾರಣ, ಶುಚಿತ್ವವೇ ಅದಕ್ಕೆ ಪರಿಹಾರ ಎಂಬುದನ್ನು 1867ರಲ್ಲಿ ಇಂಗ್ಲೆಂಡಿನ ಜೋಸೆಫ್ ಲಿಸ್ಟರ್ ಜಗತ್ತಿಗೆ ಸಾರಿದ್ದರು. ಪೆನಿಸಿಲಿನ್ ಇನ್ನೂ ಬಂದಿರದ ಆ ಕಾಲದಲ್ಲಿ ಕುದಿಸಿದ ಉಪಕರಣ, ತೊಳೆದ ಕೈ, ಶುದ್ಧವಾದ ಬಟ್ಟೆ ಇವೇ ರೋಗಿಯ ಪ್ರಾಣರಕ್ಷಕಗಳು. ಕಣ್ಣಿನ ಪೊರೆಯನ್ನೇ ನೋಡಿರಿ. ಊರೂರು ತಿರುಗುವ ಪೊರೆಗಾರರು ಸೂಜಿಯಿಂದ ಪೊರೆಯನ್ನು ಕಣ್ಣೊಳಗೇ ಕೆಳಕ್ಕೆ ದೂಡುತ್ತಿದ್ದರು. ಕೆಲಕಾಲ ಬೆಳಕು ಕಂಡರೂ ಕಣ್ಣು ಕೊಳೆತು ಶಾಶ್ವತವಾಗಿ ಕುರುಡರಾದವರು ಅನೇಕರು. ಶಸ್ತ್ರವೈದ್ಯನು ಆ ಪೊರೆಯನ್ನೇ ಹೊರತೆಗೆಯುವನು. ಕಣ್ಣಿನ ಪೊರೆ, ಮೂತ್ರಕೋಶದ ಕಲ್ಲು, ಗಂತಿಗಡ್ಡೆಗಳಿಂದ ನರಳುವವರು ಹೀಗೆ ಮಿರಜಿನ ಹಾದಿ ಹಿಡಿದರು.

ಹಾದಿಯೂ ಅನುಕೂಲವಾಗಿತ್ತು. ಬೆಳಗಾವಿಯ ಕಡೆಯಿಂದ ಮಿರಜಿಗೆ ಹೋಗುವ ಉಗಿಬಂಡಿಯ ಹಳಿ ಚಿಕ್ಕೋಡಿ ರೋಡ್, ರಾಯಬಾಗ, ಕುಡಚಿ, ಉಗಾರ, ಶೇಡಬಾಳಗಳ ಮೇಲೆ ಹಾದುಹೋಗುತ್ತದೆ. ಅಥಣಿಯವರು ಚಕ್ಕಡಿಯಲ್ಲಿ ಬಂದು ರೈಲು ಹಿಡಿಯಬೇಕಿತ್ತು. ಹಳಿಯಿಲ್ಲದ ನಿಪ್ಪಾಣಿಯವರಿಗೆ ರಸ್ತೆಯೇ ಗತಿ. ಅಂದು ಮಿರಜ ಪಟವರ್ಧನರ ಸಂಸ್ಥಾನ, ರಾಯಬಾಗ ಕೊಲ್ಲಾಪುರದ ಛತ್ರಪತಿಗಳದು, ಅಥಣಿ-ಚಿಕ್ಕೋಡಿಗಳು ಬ್ರಿಟಿಷರ ಆಳ್ವಿಕೆಯವು. 1956ರಲ್ಲಿ ಗಡಿ ಮತ್ತೊಂದು ರೀತಿ ಬದಲಾಯಿತು. ಆದರೆ ನೋವಿಗೆ ಗಡಿಯಿಲ್ಲ. ಕನ್ನಡವಾಡುವ ರೋಗಿಯೂ ಮರಾಠಿಯಾಡುವ ರೋಗಿಯೂ ಅಕ್ಕಪಕ್ಕದ ಹಾಸಿಗೆಯಲ್ಲಿ ಮಲಗುತ್ತಿದ್ದರು.

ಇಷ್ಟೇ ಆಗಿದ್ದರೆ ವಾನ್ಲೆಸ್ ಒಬ್ಬ ಕುಶಲ ವೈದ್ಯರೆನಿಸಿಕೊಳ್ಳುತ್ತಿದ್ದರು, ಅಷ್ಟೆ. ಅವರ ಹಿರಿಮೆ ಬೇರೊಂದೆಡೆ ಇದೆ. ಒಬ್ಬನ ಎರಡು ಕೈಗಳು ಎಷ್ಟು ಜನರನ್ನು ಉಳಿಸಿಯಾವು? ಇದನ್ನರಿತು ಅವರು ಆಸ್ಪತ್ರೆ ತೆರೆದ ಮೂರೇ ವರ್ಷಗಳಲ್ಲಿ, 1897ರಲ್ಲಿ, ಈ ನಾಡಿನ ತರುಣರಿಗೆ ವೈದ್ಯವಿದ್ಯೆಯನ್ನು ಕಲಿಸತೊಡಗಿದರು. ದಾದಿಯರ ಶಿಕ್ಷಣಕ್ಕೂ ಅಡಿಪಾಯ ಹಾಕಿದರು. ಸ್ವಂತ ಮನೆಯವರೇ ಹೊರಹಾಕುತ್ತಿದ್ದ ಕುಷ್ಠರೋಗಿಗಳಿಗೆ ಆಶ್ರಯಧಾಮವನ್ನು ಕಟ್ಟಿದರು. 1920ರಲ್ಲಿ ಕ್ಷಯರೋಗಿಗಳಿಗೆಂದು ಆರೋಗ್ಯಧಾಮವನ್ನು ಸ್ಥಾಪಿಸಿದರು. ಆ ಸ್ಥಳಕ್ಕೆ ವಾನ್ಲೆಸ್‌ವಾಡಿ ಎಂದೇ ಹೆಸರಾಯಿತು. 1928ರಲ್ಲಿ ಬ್ರಿಟಿಷ್ ಸರಕಾರ 'ಸರ್' ಪದವಿಯನ್ನಿತ್ತಿತು. 1933ರಲ್ಲಿ ಅವರು ಅಮೆರಿಕದಲ್ಲಿ ಕಾಲವಾದರು. ಅವರು ಹಚ್ಚಿದ ದೀಪ ಮಾತ್ರ ಆರಲಿಲ್ಲ. 1962ರಲ್ಲಿ ಮಿರಜಿನಲ್ಲಿ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯ ಆರಂಭವಾದಾಗ ಆ ವಿದ್ಯಾರ್ಥಿಗಳು ಕಲಿತದ್ದು ಇದೇ ಆಸ್ಪತ್ರೆಯ ರೋಗಿಗಳ ಬಳಿಯಲ್ಲಿ.

ಅವರು ತಮ್ಮ ಮತವನ್ನು ಸಾರಲು ಬಂದವರಲ್ಲವೇ ಎಂದು ಕೆಲವರು ಕೇಳಬಹುದು. ಹೌದು, ಅದನ್ನವರು ಮುಚ್ಚಿಟ್ಟವರೂ ಅಲ್ಲ. ನಮ್ಮ ನಿಷ್ಠೆ ನಮಗಿರಲಿ. ಇಷ್ಟಲಿಂಗವನ್ನು ಧರಿಸಿದವನು ಪರರ ಸದ್ಗುಣವನ್ನು ಕಂಡು ತಲೆದೂಗಿದರೆ ಆತನ ನಿಷ್ಠೆಗೆ ಕುಂದು ಬಾರದು. ಶರಣರು ಕಾಯಕವನ್ನು ಅಳೆದದ್ದು ಮಾಡುವವನ ಕುಲದಿಂದಲ್ಲ, ಮಾಡುವ ಕೈಯ ಶುದ್ಧಿಯಿಂದ. ದಾಸೋಹವೆಂದರೆ ಅನ್ನವೊಂದನ್ನೇ ನೀಡುವುದಲ್ಲ. ತಾನು ಕಷ್ಟಪಟ್ಟು ಗಳಿಸಿದ ವಿದ್ಯೆಯನ್ನು ಬಚ್ಚಿಡದೆ ಮತ್ತೊಬ್ಬನಿಗೆ ಧಾರೆಯೆರೆಯುವುದೂ ದಾಸೋಹವೇ. ಎಷ್ಟೋ ನಾಟಿವೈದ್ಯರು ತಮ್ಮ ಮದ್ದಿನ ಗುಟ್ಟನ್ನು ಮಗನಿಗೂ ಹೇಳದೆ ಹೋದ ನಾಡಿದು ಎಂಬುದನ್ನು ಮರೆಯದಿರೋಣ.

ನಮ್ಮ ಸಮಾಜವೂ ಸುಮ್ಮನೆ ಕುಳಿತಿಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕಟ್ಟಿದ ಕೆ.ಎಲ್.ಇ. ಸಂಸ್ಥೆ 1963ರಲ್ಲಿ ವೈದ್ಯಕೀಯ ಮಹಾವಿದ್ಯಾಲಯವನ್ನು ತೆರೆಯಿತು. ನಮ್ಮ ಮಕ್ಕಳು ವೈದ್ಯರಾಗುತ್ತಿದ್ದಾರೆ, ಸಂತೋಷ. ಆದರೆ ಆ ಮಗ ಅಥವಾ ಮಗಳು ಕೃಷ್ಣಾತೀರದ ಹಳ್ಳಿಗೆ ಮರಳಿ ಬರುವರೇ? ತಾವು ಕಲಿತುದನ್ನು ಅಲ್ಲಿಯ ಬಡ ಹುಡುಗಿಯೊಬ್ಬಳಿಗೆ ಕಲಿಸುವರೇ? ಸಾವಿರಾರು ಮೈಲಿ ದಾಟಿ ಬಂದ ಪರದೇಶಿಯೊಬ್ಬ ಈ ಮಣ್ಣಿನಲ್ಲಿ ನಲವತ್ತು ವರ್ಷ ಬೆವರು ಸುರಿಸಿದ. ಈ ಮಣ್ಣಿನಲ್ಲೇ ಹುಟ್ಟಿದವರ ಋಣ ಅದಕ್ಕಿಂತ ಕಿರಿದೇನಲ್ಲ. ಮಕ್ಕಳನ್ನು ವೈದ್ಯವಿದ್ಯೆಗೆ ಕಳಿಸುವ ತಂದೆತಾಯಿಗಳು ಈ ಮಾತನ್ನು ಅವರ ಕಿವಿಯಲ್ಲಿ ಹಾಕಿ ಹರಸಿ ಕಳಿಸಲಿ.