ನೆರೆಹೊರೆಯೂ ಸಾಧನೆಯ ನೆಲೆ

ನಮ್ಮ ನಗರಗಳ ಬಡಾವಣೆಗಳಲ್ಲಿ ನಿವಾಸಿಗಳ ಸಂಘಗಳು ಈಗ ಸಾಮಾನ್ಯವಾಗಿವೆ. ಯುಗಾದಿ, ಗಣೇಶೋತ್ಸವ, ರಾಜ್ಯೋತ್ಸವಗಳ ನಿಮಿತ್ತವಾಗಿ ಶಾಮಿಯಾನ ಏಳುತ್ತದೆ, ಧ್ವನಿವರ್ಧಕ ಮೊಳಗುತ್ತದೆ, ಭೋಜನವಾಗುತ್ತದೆ. ಮರುದಿನ ಶಾಮಿಯಾನವನ್ನು ಬಿಚ್ಚಿದೊಡನೆ ಮನೆಗಳ ಬಾಗಿಲುಗಳು ಮೊದಲಿನಂತೆಯೇ ಮುಚ್ಚಿಕೊಳ್ಳುತ್ತವೆ. ಬೀದಿಯ ಕೊನೆಯ ಮನೆಯ ವೃದ್ಧರು ನಾಲ್ಕು ದಿನಗಳಿಂದ ಜ್ವರದಲ್ಲಿ ಮಲಗಿರುವುದು ಹಾಲು ಹಾಕುವ ಹುಡುಗನಿಗೆ ತಿಳಿದಿರುತ್ತದೆ. ಪಕ್ಕದ ಮನೆಯವರಿಗೆ ತಿಳಿದಿರುವುದಿಲ್ಲ. ಹಾಗಿದ್ದಲ್ಲಿ ಅಷ್ಟು ಖರ್ಚು ಮಾಡಿ ನಾವು ಸಾಧಿಸಿದ್ದೇನು?

ಈ ಮಾತಿಗೆ ಧರ್ಮಶ್ರದ್ಧೆಯುಳ್ಳ ಕೆಲವರು ಬೇರೊಂದು ಆಕ್ಷೇಪ ಎತ್ತುವುದುಂಟು. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಏಕತ್ವಭಾವನೆಯೂ ಒಂದು. ಜೀವನು ಒಬ್ಬನೇ ಹುಟ್ಟಿ, ಒಬ್ಬನೇ ಸಾಯುತ್ತಾನೆ. ತನ್ನ ಕರ್ಮಫಲವನ್ನು ತಾನೇ ಉಣ್ಣುತ್ತಾನೆ. ಹೀಗಿರುವಾಗ ಮುಮುಕ್ಷುವಿಗೆ ಬೀದಿಯ ಕೂಟಗಳ ಗೊಡವೆ ಏಕೆ ಎಂಬುದು ಅವರ ಪ್ರಶ್ನೆ. ಏಕತ್ವಭಾವನೆಯು ನನ್ನ ಮಮಕಾರವನ್ನು ಸಡಿಲಿಸಲು ಇರುವ ಚಿಂತನೆ. ನೆರೆಯವನನ್ನು ಅವನ ಕಷ್ಟದಲ್ಲಿ ಒಂಟಿಯಾಗಿ ಬಿಡಲು ಅದು ಅನುಮತಿಪತ್ರವಲ್ಲ. ರೋಗಿಗಳ, ವೃದ್ಧರ, ಬಳಲಿದ ಸಾಧಕರ ಸೇವೆಯಾದ ವೈಯಾವೃತ್ಯವನ್ನು ನಮ್ಮ ಆಚಾರ್ಯರು ಆರು ಅಂತರಂಗ ತಪಸ್ಸುಗಳಲ್ಲಿ ಎಣಿಸಿ, ಸ್ವಾಧ್ಯಾಯ ಮತ್ತು ಧ್ಯಾನಗಳ ಸಾಲಿನಲ್ಲಿಯೇ ಕೂರಿಸಿದ್ದಾರೆ. ತೀರ್ಥಂಕರರೂ ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆಯರ ಚತುರ್ವಿಧ ಸಂಘವನ್ನು ಕಟ್ಟಿದರು. ಮೋಕ್ಷಮಾರ್ಗದಲ್ಲಿ ನಡೆಯುವವನು ಒಬ್ಬನೇ ಆದರೂ ಆ ಮಾರ್ಗದಲ್ಲಿ ನೆರವಾಗುವವರು ಅನೇಕರು.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೊದಲ ನಾಲ್ಕು ತನ್ನ ಶ್ರದ್ಧೆಯನ್ನು ತಿದ್ದಿಕೊಳ್ಳುವುದಕ್ಕೆ ಸಂಬಂಧಿಸಿದವು. ಉಳಿದ ನಾಲ್ಕಾದ ಉಪಗೂಹನ, ಸ್ಥಿತಿಕರಣ, ವಾತ್ಸಲ್ಯ, ಪ್ರಭಾವನೆಗಳನ್ನು ಇನ್ನೊಬ್ಬರಿಲ್ಲದೆ ಆಚರಿಸಲು ಸಾಧ್ಯವೇ ಇಲ್ಲ. ಮುಳುಗುಂದದ ನಯಸೇನನು 1112ರ ಸುಮಾರಿಗೆ ರಚಿಸಿದ ‘ಧರ್ಮಾಮೃತ’ದಲ್ಲಿ ಈ ಅಂಗಗಳನ್ನು ಜನಸಾಮಾನ್ಯರಿಗೆ ಕಥೆಗಳ ಮೂಲಕವೇ ತಿಳಿಸಿದ್ದಾನೆ. ಉಪಗೂಹನಕ್ಕೆ ಪರಂಪರೆಯು ಕೊಡುವ ನಿದರ್ಶನ ಜಿನೇಂದ್ರಭಕ್ತ ಶ್ರೇಷ್ಠಿಯದು. ಬ್ರಹ್ಮಚಾರಿಯ ವೇಷದಲ್ಲಿ ಬಂದ ಕಳ್ಳನೊಬ್ಬ ಅವನ ಮನೆಯ ಚೈತ್ಯಾಲಯದ ರತ್ನವನ್ನು ಕದ್ದು ಸಿಕ್ಕಿಬಿದ್ದಾಗ, ಆ ರತ್ನವನ್ನು ತಾನೇ ತರಿಸಿದ್ದೆಂದು ಶ್ರೇಷ್ಠಿಯು ಜನರೆದುರು ಹೇಳಿ, ಅನಂತರ ಏಕಾಂತದಲ್ಲಿ ಅವನಿಗೆ ಬುದ್ಧಿ ಹೇಳಿದನಂತೆ. ನೆರೆಯವರ ತಪ್ಪನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಸಂಘದ ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ನಮ್ಮ ಕಾಲಕ್ಕೆ ಈ ಕಥೆ ಬೇಕಾಗಿದೆ.

ವಾತ್ಸಲ್ಯವನ್ನು ಶಾಸ್ತ್ರಗಳು ಸಾಧರ್ಮಿಗಳ ವಿಷಯದಲ್ಲಿ ಹೇಳಿವೆ ಎಂಬುದು ನಿಜ. ಆದರೆ ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳನ್ನು ಹೇಳುವ ‘ತತ್ತ್ವಾರ್ಥಸೂತ್ರ’ವು ಮೈತ್ರಿಯನ್ನು ಸಕಲ ಜೀವಗಳಿಗೂ ವಿಸ್ತರಿಸುತ್ತದೆ. ಕರುಣಾದಾನಕ್ಕೆ ಜಾತಿಮತಗಳ ಮೇರೆಯಿಲ್ಲ. ಆದ್ದರಿಂದ ಬಡಾವಣೆಯ ಕೂಟಕ್ಕೆ ಶ್ರಾವಕನು ಅತಿಥಿಯಂತೆ ಹೋಗಿ ಬರುವುದಕ್ಕಿಂತ ಅದನ್ನು ನಡೆಸಲು ಹೆಗಲು ಕೊಡುವುದು ಯೋಗ್ಯ.

ನಡೆಸುವ ಕ್ರಮಕ್ಕೆ ಚತುರ್ವಿಧ ದಾನಗಳೇ ಮಾದರಿಯಾಗಬಲ್ಲವು. ವರ್ಷಕ್ಕೊಂದು ಆಡಂಬರದ ಉತ್ಸವದ ಬದಲು ನಾಲ್ಕು ಸಣ್ಣ ಕೂಟಗಳು ಸಾಕು. ಆಹಾರದಾನದ ನೆನಪಿನಲ್ಲಿ ಮನೆಗೊಂದು ಅಡುಗೆ ತಂದು ಹಂಚಿಕೊಳ್ಳುವ ಮಧ್ಯಾಹ್ನದ ಊಟ. ಔಷಧದಾನದ ನೆನಪಿನಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ತಪಾಸಣೆ. ಶಾಸ್ತ್ರದಾನಕ್ಕಾಗಿ ಮಕ್ಕಳ ಓದು ಮತ್ತು ಹಳೆಯ ಪಠ್ಯಪುಸ್ತಕಗಳ ವಿನಿಮಯ. ಅಭಯದಾನ ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು. ಮಕ್ಕಳು ದೂರದೇಶದಲ್ಲಿದ್ದು ಒಂಟಿಯಾಗಿ ವಾಸಿಸುವ ಹಿರಿಯರ ಮನೆಗೆ ಇಬ್ಬರು ಮೂವರು ಹೋಗಿ, ರಾತ್ರಿ ಎಷ್ಟು ಹೊತ್ತಿಗಾದರೂ ಕರೆಯಬಹುದೆಂದು ಹೇಳಿ, ದೂರವಾಣಿ ಸಂಖ್ಯೆಯನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸಿ ಬಂದರೆ ಅದಕ್ಕಿಂತ ದೊಡ್ಡ ಅಭಯ ಯಾವುದು?

ಕೂಟದ ರೀತಿಯಲ್ಲಿಯೂ ವ್ರತಗಳ ನೆರಳಿರಲಿ. ಸೂರ್ಯಾಸ್ತದೊಳಗೆ ಊಟ ಮುಗಿದರೆ ರಾತ್ರಿಭೋಜನತ್ಯಾಗಿಗಳಿಗೆ ಮಾತ್ರವಲ್ಲ, ಹಿರಿಯರಿಗೂ ಶಾಲೆಗೆ ಹೋಗುವ ಮಕ್ಕಳಿಗೂ ಅನುಕೂಲ. ಎಲೆಯಲ್ಲಿ ಅನ್ನ ಉಳಿಯದಿರಲಿ. ಹೆಚ್ಚು ಹಣ ಕೊಟ್ಟವರ ಹೆಸರನ್ನು ಧ್ವನಿವರ್ಧಕದಲ್ಲಿ ಕೂಗುವ ಪದ್ಧತಿ ನಿಲ್ಲಲಿ. ಕೊಡಲಾರದವರು ಅದನ್ನು ಕೇಳಿ ಮುಂದಿನ ಬಾರಿ ಬರುವುದೇ ಇಲ್ಲ. ಕಾವಲುಗಾರ, ಪೌರಕಾರ್ಮಿಕ, ಮನೆಗೆಲಸದಾಕೆ ಕಡೆಗೆ ಉಳಿದದ್ದನ್ನು ಕಟ್ಟಿಸಿಕೊಂಡು ಹೋಗುವವರಾಗದೆ ಅದೇ ಪಂಕ್ತಿಯಲ್ಲಿ ಕುಳಿತು ಉಣ್ಣಲಿ. ಸಮವಸರಣದಲ್ಲಿ ದೇವತೆಗಳಿಗೂ ಮನುಷ್ಯರಿಗೂ ಮೃಗಗಳಿಗೂ ಸ್ಥಳವಿತ್ತೆಂದು ಭಕ್ತಿಯಿಂದ ಕೇಳುವ ನಾವು ನಮ್ಮ ಪಂಕ್ತಿಯಿಂದ ಮನುಷ್ಯರನ್ನು ಹೊರಗಿಡುವುದು ಹೇಗೆ ಸರಿಯಾದೀತು?

ನೆರೆಹೊರೆಯಲ್ಲಿ ಜಗಳಗಳೂ ಇರುತ್ತವೆ. ವಾಹನ ನಿಲ್ಲಿಸುವ ಜಾಗ, ನೀರಿನ ಸರದಿ, ನಾಯಿಯ ಬೊಗಳುವಿಕೆ ಎಲ್ಲವೂ ಸಭೆಗೆ ಬರುತ್ತವೆ. ಎದುರಾಳಿಯ ಮಾತಿನಲ್ಲಿಯೂ ಸತ್ಯದ ಒಂದು ಮುಖವಿರಬಹುದೆಂಬ ಅನೇಕಾಂತದೃಷ್ಟಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸಶಾಲೆ ದೊರೆಯದು. ದಶಲಕ್ಷಣ ಪರ್ವದ ಬಳಿಕ ಬಸದಿಯಲ್ಲಿ ಬಂಧುಮಿತ್ರರಿಗೆ ಕೈಮುಗಿದು ಕ್ಷಮೆ ಕೇಳುವುದು ನಮಗೆ ರೂಢಿಯಾಗಿದೆ. ಅವರಲ್ಲಿ ಹೆಚ್ಚಿನವರೊಡನೆ ನಮಗೆ ಮನಸ್ತಾಪವೇ ಇರುವುದಿಲ್ಲ. ಈ ವರ್ಷದ ಕ್ಷಮಾವಣಿಯಂದು ಮಾತು ಬಿಟ್ಟ ಒಂದು ಮನೆಯ ಬಾಗಿಲನ್ನು ತಟ್ಟೋಣ. ಶಾಮಿಯಾನವನ್ನು ಆಮೇಲೆ ಹಾಕಿಸಬಹುದು.